ತಾತನ ಹಳೇ ರೇಜರ್ ಸರಿಮಾಡ್ಕೊಳ್ಳೋದಾ, ಇಲ್ಲ ಹೊಸ ಸೇಫ್ಟಿ ರೇಜರ್ ತಗೊಳ್ಳೋದಾ?

ಕೆಜಿಎಫ್_ಮೊಮ್ಮಗ
ಎಲ್ರಿಗೂ ನಮಸ್ಕಾರ. ಹೋದ ವಾರ ರಾಬರ್ಟ್‌ಸನ್‌ಪೇಟೆ ಮನೆ ಖಾಲಿ ಮಾಡ್ತಿದ್ವಿ, ತಾತನ ಕಬ್ಬಿಣದ ಟ್ರಂಕಲ್ಲಿ ಹಳೇ ಪಂಚೆ, ರೇಷನ್ ಕಾರ್ಡು, ಗಣಿ ಕಾಗದಪತ್ರ ಎಲ್ಲದರ ಅಡಿಯಲ್ಲಿ ಒಂದು ರೇಜರ್ ಸಿಕ್ತು. ತಲೆ ಭಾಗದ ಅಡಿಯಲ್ಲಿ ಜಿಲೆಟ್, ಮೇಡ್ ಇನ್ ಇಂಗ್ಲೆಂಡ್ ಅಂತಿದೆ. ಹಿಡಿಯ ತುದೀಲಿರೋ ತಿರುಗಣೆ ತಿರುಗಿಸಿದ್ರೆ ಮೇಲೆ ಎರಡು ಬಾಗಿಲು ತೆಕ್ಕೋಬೇಕಂತೆ, ಆದ್ರೆ ಅದು ಅಲ್ಲಾಡ್ತಾನೇ ಇಲ್ಲ. ತಾತ ಚಾಂಪಿಯನ್ ರೀಫ್ ಚಿನ್ನದ ಗಣೀಲಿ ಗುಮಾಸ್ತ, ಯಾರೋ ದೊರೆ ಊರಿಗೆ ಹೋಗಿ ಬರುವಾಗ ತಂದುಕೊಟ್ಟಿದ್ದು ಅಂತ ಅತ್ತೆ ಹೇಳ್ತಾರೆ.

ನಾನು ಇಲ್ಲೀವರೆಗೂ ಕಾರ್ಟ್ರಿಜ್ ರೇಜರೇ, ಕತ್ತು ತುಂಬಾ ಗುಳ್ಳೆ ಏಳುತ್ತೆ, ಅದಕ್ಕೇ ಸೇಫ್ಟಿ ರೇಜರ್ (ಎರಡೂ ಕಡೆ ಅಂಚಿರೋ ಒಂದೇ ಬಿಡಿ ಬ್ಲೇಡ್ ಹಾಕೋದು) ಟ್ರೈ ಮಾಡೋಣ ಅಂತ ಮುಂಚಿಂದಾನೂ ಇತ್ತು, ಎರಡೂವರೆ ಸಾವಿರದ ಒಂದು ಹೊಸದು ಕಾರ್ಟಲ್ಲಿ ಹಾಕಿ ಇಟ್ಟಿದ್ದೆ. ಈಗ ಇದನ್ನೇ ಸರಿಮಾಡ್ಕೊಳ್ಳೋದಾ ಅಥವಾ ಹೊಸದೇ ತಗೊಳ್ಳೋದಾ? ಅಮ್ಮ ಬೇರೆ ಸತ್ತೋರ ರೇಜರ್ ಮುಖಕ್ಕೆ ಮುಟ್ಟಿಸ್ಬೇಡ ಅಂತಿದ್ದಾರೆ.

ಹಿತ್ತಾಳೆ_ಹುಚ್ಚ
ಅಯ್ಯೋ ಕಾರ್ಟ್ ಖಾಲಿ ಮಾಡಿ ಮೊದ್ಲು! ನೀವು ಹೇಳ್ತಿರೋದು ನೋಡಿದ್ರೆ ಅದು ಜಿಲೆಟ್‌ನ ರಾಕೆಟ್ ಅನ್ನೋ ಮಾಡೆಲ್ ಇರ್ಬೇಕು, ಅಮೆರಿಕದಲ್ಲಿ 1947ರಿಂದ ಮಾಡ್ತಿದ್ದ ಸೂಪರ್ ಸ್ಪೀಡ್ ಇದ್ಯಲ್ಲ ಅದರ ಇಂಗ್ಲೆಂಡ್ ತಮ್ಮ. ಲಂಡನ್ ಪಕ್ಕ ಐಲ್‌ವರ್ತ್‌ನಲ್ಲಿ ಗ್ರೇಟ್ ವೆಸ್ಟ್ ರೋಡಿನ ಮೇಲೆ ದೊಡ್ಡ ಗಡಿಯಾರದ ಗೋಪುರ ಇರೋ ಫ್ಯಾಕ್ಟರಿ ಇತ್ತು, 1937ರಲ್ಲಿ ಶುರುವಾಗಿದ್ದು. ಒಳಗಡೆ ಪೂರ್ತಿ ಹಿತ್ತಾಳೆ ಸಾರ್, ಮೇಲೆ ನಿಕ್ಕಲ್. ಈಗಿನ ಎರಡು ಮೂರು ಸಾವಿರದ ರೇಜರ್ ಮುಕ್ಕಾಲುಪಾಲು ಜಾಮಕ್ ಅನ್ನೋ ಸತುವಿನ ಮಿಶ್ರಲೋಹ ಎರಕ ಹೊಯ್ದು ಮೇಲೆ ಕ್ರೋಮ್ ಬಳಿದಿರೋದು. ಹಿತ್ತಾಳೆ ಮೇಲಿನ ನಿಕ್ಕಲ್ ಹೋದ್ರೆ ಹಳದಿ ಕಾಣುತ್ತೆ ಅಷ್ಟೇ, ಕೆಲಸ ಮಾಡ್ತಾನೇ ಇರುತ್ತೆ. ಜಾಮಕ್ ಮೇಲಿನ ಕ್ರೋಮ್ ಹೋದ್ರೆ ಅಲ್ಲಿಗೆ ಮುಗೀತು ಕಥೆ.

ಕುಡ್ಲದ_ಮಳೆ
ಅದು ಸತ್ಯ ಮಾರಾಯ್ರೆ. ನನ್ನದೊಂದು ಇತ್ತು, ಕಂಪನಿ ಹೆಸರು ಎಂತಕ್ಕೆ ಬಿಡಿ, ತಗೊಂಡು ಎರಡು ಮಳೆಗಾಲ ಆಗಿತ್ತಷ್ಟೆ. ನಮ್ಮಲ್ಲಿ ಜೂನ್ ಶುರುವಾದ್ರೆ ಬಾತ್‌ರೂಮ್ ಒಣಗುವುದು ಅಂತ ಇಲ್ಲವೇ ಇಲ್ಲ. ಮೊದಲು ಕ್ರೋಮಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಬಂತು, ಆಮೇಲೆ ಒಂದಿನ ಬಿಗಿ ಮಾಡುವಾಗ ಟಕ್ ಅಂತ ಶಬ್ದ, ನೋಡಿದ್ರೆ ಮೇಲಿನ ಟೋಪಿಯ ತಿರುಪಿನ ಕಡ್ಡಿ ಮುರಿದು ಅರ್ಧ ಹಿಡಿಯ ಒಳಗೇ ಉಳಿದದ್ದು. ರಿಪೇರಿ ಅಂತ ಎಂತದೂ ಇಲ್ಲ ಅದಕ್ಕೆ. ತಪ್ಪು ನನ್ನದೂ ಉಂಟು, ಒದ್ದೆ ಇರುವಾಗಲೇ ಮುಚ್ಚಿ ಕಪಾಟಿನೊಳಗೆ ಇಡ್ತಾ ಇದ್ದೆ.

ರೈನ್_ತೀರದ_ಕನ್ನಡಿಗ
ನಾನು ಡ್ಯೂಸೆಲ್ಡಾರ್ಫಲ್ಲಿದೀನಿ, ಸೋಲಿಂಗೆನ್ ಇಲ್ಲಿಂದ ಅರ್ಧ ಮುಕ್ಕಾಲು ಗಂಟೆ. ಆ ಊರಲ್ಲಿ ಮಾಡಿದ ಚೂರಿ ಕತ್ತರಿ ರೇಜರಿಗೆ ಮಾತ್ರ ಸೋಲಿಂಗೆನ್ ಅಂತ ಹೆಸರು ಹಾಕ್ಬೋದು ಅಂತ 1938ರಿಂದ ಕಾನೂನೇ ಇದೆ, ಅಷ್ಟು ಅಭಿಮಾನ ಅವರಿಗೆ. ಅಲ್ಲಿನ ಮೆರ್ಕೂರ್ 34ಸಿ ನನ್ಹತ್ರ ಒಂಬತ್ತು ವರ್ಷದಿಂದ ಇದೆ, ತಲೆ ಜಾಮಕ್ಕೇ, ಒಂದು ಗುಳ್ಳೆ ಬಂದಿಲ್ಲ. ಶೇವ್ ಆದ್ಮೇಲೆ ಬಿಚ್ಚಿ ಒದರಿ ಬಟ್ಟೆ ಮೇಲೆ ಇಡ್ತೀನಿ. ಕೈಯಿಂದ ಬೀಳಿಸಬಾರದು ಅಷ್ಟೇ. ಹಿತ್ತಾಳೆ ಅಂದ ತಕ್ಷಣ ಅಮರ ಅನ್ನೋ ಥರ ಮಾತಾಡೋದು ಸ್ವಲ್ಪ ಜಾಸ್ತಿ ಆಯ್ತು. ಇಲ್ಲಿನ ಸಂತೇಲಿ ಹಳೇ ರೇಜರ್ ರಾಶಿ ನೋಡ್ತಿರ್ತೀನಿ, ಹತ್ರಲ್ಲಿ ನಾಲ್ಕು ತಲೆ ಬಗ್ಗಿರುತ್ತೆ ಇಲ್ಲ ಹಿಡಿ ಸೀಳಿರುತ್ತೆ. ಉಳಿದು ಬಂದಿರೋ ಒಳ್ಳೇವನ್ನ ಮಾತ್ರ ತೋರಿಸಿ ಆಗಿನ ಕಾಲದ ಮಾಲೇ ಮಾಲು ಅನ್ನೋದು ಸುಲಭ, ಹಾಳಾಗಿ ಗುಜರಿಗೆ ಹೋಗಿದ್ದನ್ನ ಯಾರು ಎಣಿಸಿದಾರೆ?

ಹಿತ್ತಾಳೆ_ಹುಚ್ಚ
@ರೈನ್ ಸರಿ, ಒಪ್ಪಿದೆ. ಹಿಡಿ ಸೀಳೋದು ನಿಜ. ಜಿಲೆಟ್‌ನ ಹಳೇ ಮಾಡೆಲ್‌ಗಳು, 1930ಕ್ಕಿಂತ ಹಿಂದಿನ ಓಲ್ಡ್ ಟೈಪು, ಆಮೇಲೆ ಬಂದ ನ್ಯೂ, ಇವುಗಳ ಹಿಡಿ ಒಳಗೆ ಟೊಳ್ಳು, ಬಿಗಿ ಮಾಡಿ ಮಾಡಿ ಕಾಲಕ್ರಮೇಣ ಉದ್ದಕ್ಕೆ ಕೂದಲೆಳೆ ಬಿರುಕು ಬಿಡುತ್ತೆ, ಫೋಟೋದಲ್ಲಿ ಕಾಣೋದೇ ಇಲ್ಲ. ಮಾರೋರು ಯಾವಾಗ್ಲೂ ಬಿರುಕಿರೋ ಕಡೆ ಕೆಳಗೆ ಮಾಡಿ ಫೋಟೋ ತೆಗೀತಾರೆ, ಅದೇನು ಕಾಕತಾಳೀಯನೋ. ಅದಕ್ಕೇ ನಾನು ಯಾರು ಕೇಳಿದ್ರೂ ಮೊದಲ ವಿಂಟೇಜ್ ಅಂದ್ರೆ ಜಿಲೆಟ್ ಟೆಕ್ ತಗೊಳ್ಳಿ ಅಂತೀನಿ. 1938ರಲ್ಲಿ ಬಂದಿದ್ದು, ಮೂರೇ ತುಂಡು, ಬಾಗಿಲಿಲ್ಲ ಸ್ಪ್ರಿಂಗಿಲ್ಲ, ಕೆಡೋಕೆ ಏನೂ ಇಲ್ಲ, ಮುಖಕ್ಕೂ ತುಂಬಾ ಮೆತ್ತಗೆ.

ಮೂರು_ಬ್ಲೇಡ್_ಸಾಕು
ಇಷ್ಟೆಲ್ಲ ಯಾಕ್ ಗುರು? 1971ರಲ್ಲೇ ಎರಡು ಬ್ಲೇಡಿನ ಟ್ರಾಕ್ 2 ಬಂತು, 1998ಕ್ಕೆ ಮೂರು ಬ್ಲೇಡು, ಜನ ಮುಂದೆ ಹೋದ್ರು, ನೀವು ಗುಜರಿಲಿ ಹುಡುಕ್ತಾ ಕೂತಿದೀರ. ಬೆಳಿಗ್ಗೆ ಆಫೀಸ್ ಕ್ಯಾಬ್ ಹಾರನ್ ಹೊಡೀತಿರುವಾಗ ಬ್ಲೇಡು ಮೂವತ್ತು ಡಿಗ್ರಿ ಕೋನದಲ್ಲಿದ್ಯಾ ಅಂತ ಯಾರು ನೋಡ್ತಾರೆ.

ಧಾರವಾಡ_ಪೇಡೆ
ಗುರುಗಳ ನಿಮ್ಮ ಮೂರು ಬ್ಲೇಡಿನ ಒಂದು ಕಾರ್ಟ್ರಿಜ್ ರೊಕ್ಕದಾಗ ನಾ ಮೂರು ತಿಂಗಳ ಬ್ಲೇಡ್ ತಗೋತೇನ್ರಿ 😄 ಅದೂ ಅಲ್ದ ನಾಕ್ ದಿನದ ಗಡ್ಡ ಬಿಟ್ಟು ಅದರಾಗ ಎಳದ್ರ ಸಂದ್ಯಾಗ ಕೂದ್ಲಾ ಸಿಕ್ಕೊಂಡು ನಳದ ನೀರು ಜೋರ್ ಬಿಟ್ರೂ ಹೋಗಂಗಿಲ್ಲ. ಜಿಲೆಟ್‌ನವ್ರಿಗೂ ಇದು ಗೊತ್ತಾಗೇ 2010ರಾಗ ಗಾರ್ಡ್ ಅಂತ ಹದಿನೈದು ರೂಪಾಯಿದ ಒಂದs ಬ್ಲೇಡಿಂದು ತಂದ್ರಲ್ರೀ, ನಮ್ ಮಂದಿ ನಳದ ಕೆಳಗ ಅಲ್ಲ, ಒಂದ್ ಲೋಟ ನೀರಾಗ ಅದ್ದಿ ಅದ್ದಿ ಬೋಳಿಸ್ಕೋತಾರ ಅಂತ ನೋಡಿ ಹಂಗ ಮಾಡಿದ್ದು.

ಮೊಮ್ಮಗ ಅವ್ರ, ನೀವು ಆ ತಿರುಗಣಿ ಪಕ್ಕಡ್ ಹಾಕಿ ತಿರುವಬ್ಯಾಡ್ರಿ ಮತ್ತ. ನಮ್ ಕಾಕಾ ಹಂಗ ಮಾಡಿ ಮುರಕೊಂಡ್ ಕುಂತಾನ.

ಕೆಜಿಎಫ್_ಮೊಮ್ಮಗ
ಪಕ್ಕಡ್ ಕೈಲಿ ಹಿಡ್ಕೊಂಡೇ ಓದ್ತಿದ್ದೆ, ಕೆಳಗಿಟ್ಟೆ 😅 ಮತ್ತೆ ಹೆಂಗ್ ಬಿಡಿಸೋದು? ಅತ್ತೆ ಹುಣಸೆಹಣ್ಣು ಹಾಕಿ ಉಜ್ಜು ಅಂತಿದಾರೆ, ಹಿತ್ತಾಳೆ ಅಲ್ವಾ ಅಂತ.

ಹಿತ್ತಾಳೆ_ಹುಚ್ಚ
ಬೇಡ ಬೇಡ ಬೇಡ!! ದೇವರ ದೀಪ ಅಲ್ಲ ಅದು. ನಾನು ಮೊದಲನೇ ಸಲ ಚಿನ್ನದ ಲೇಪದ್ದೊಂದು ಸಿಕ್ಕಾಗ ಖುಷಿಗೆ ಮನೇಲಿ ತೋರಿಸ್ದೆ, ಮಾರನೇ ದಿನ ನಮ್ಮಮ್ಮ ಪೂಜೆ ಪಾತ್ರೆ ಜೊತೆ ಸೇರಿಸಿ ಹುಣಸೆಹಣ್ಣು ಪುಡಿ ಎರಡೂ ಹಾಕಿ ಉಜ್ಜಿ ಫಳಫಳ ಮಾಡಿ ಇಟ್ಟಿದ್ರು. ಚಿನ್ನ ಚರಂಡಿಗೆ ಹೋಗಿತ್ತು. ಬಯ್ಯೋ ಹಾಗೂ ಇಲ್ಲ, ಅಷ್ಟು ಪ್ರೀತಿಯಿಂದ ಉಜ್ಜಿದಾರೆ.

ಹುಳಿ ಯಾವುದೂ ಬೇಡ, ವಿನಿಗರ್ ಬೇಡ, ನಿಂಬೆಹಣ್ಣು ಬೇಡ, ಬ್ಲೀಚಂತೂ ಬೇಡ್ವೇ ಬೇಡ. ಕುದಿಸ್ಬೇಡಿ, ಬಣ್ಣ ಇದ್ರೆ ಲೇಪ ಇದ್ರೆ ಎದ್ದುಬರುತ್ತೆ. ಕೈ ತಡೆಯೋಷ್ಟು ಬಿಸಿ ನೀರು, ಪಾತ್ರೆ ತೊಳಿಯೋ ಲಿಕ್ವಿಡ್ ನಾಲ್ಕು ಹನಿ, ಅದರಲ್ಲಿ ತಲೆಕೆಳಗಾಗಿ ಮುಳುಗಿಸಿಟ್ಟು ನೀರು ಆರಿದಾಗೆಲ್ಲ ಬದಲಾಯಿಸ್ತಾ ಎರಡು ಮೂರು ದಿನ ಬಿಡಿ. ಮೆತ್ತನೇ ಹಳೇ ಹಲ್ಲುಜ್ಜೋ ಬ್ರಶ್ಶು. ಪೇಸ್ಟ್ ಹಾಕ್ಬೇಡಿ, ಅದೂ ಉಜ್ಜುಪುಡೀನೇ. ಒಳಗೆ ಗಟ್ಟಿಯಾಗಿರೋದು ಬಹುಪಾಲು ಸೋಪು ಕಣ್ರೀ, ನಮ್ಮ ಕಡೆ ಬೋರ್‌ವೆಲ್ ನೀರಲ್ಲಿರೋ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಕೆಟ್ ಅಂಚಲ್ಲಿ ಬಿಳೀ ಜಿಡ್ಡಾಗಿ ಕೂರುತ್ತಲ್ಲ, ಅದೇ ವರ್ಷಗಟ್ಟಲೆ ಆ ಸ್ಕ್ರೂ ಒಳಗೆ ಕೂತ್ರೆ ಸಿಮೆಂಟ್ ಥರ ಆಗುತ್ತೆ. ಬಿಟ್ಟ ಮೇಲೆ ಒಂದೇ ಹನಿ ಮಿಷಿನ್ ಎಣ್ಣೆ.

ಅಮ್ಮನ ವಿಚಾರಕ್ಕೆ: ಮುಖಕ್ಕೆ ತಾಗಿ ಕೂದಲು ಕತ್ತರಿಸೋದು ಬ್ಲೇಡು, ಅದು ಹೊಸದು. ಉಳಿದಿದ್ದು ಬರೀ ಲೋಹ. ತೊಳೆದಾದ್ಮೇಲೆ ಮೆಡಿಕಲ್ ಶಾಪಲ್ಲಿ ಸಿಗೋ ಸರ್ಜಿಕಲ್ ಸ್ಪಿರಿಟಲ್ಲಿ ಸ್ವಲ್ಪ ಹೊತ್ತು ಇಡಿ. ಶಾಸ್ತ್ರದ ವಿಚಾರ ಆದ್ರೆ ಅದಕ್ಕೆ ನನ್ಹತ್ರ ಸ್ಪಿರಿಟ್ ಇಲ್ಲ.

ಕತ್ತರಿ_ಕನ್ನಡಿ
ಎಲ್ಲರ ಮಾತೂ ಓದ್ದೆ, ಒಂದು ಮಾತು ಹೇಳ್ತೀನಿ. ನಮ್ಮಪ್ಪಂದು ತಿಪಟೂರಲ್ಲಿ ಸೆಲೂನು, ನಾನು ಪಿಯುಸಿವರೆಗೂ ಅಲ್ಲೇ ಬೆಳೆದಿದ್ದು. ಅಪ್ಪನ ಹತ್ರ ಇರೋದು ಇನ್ನೂರು ರೂಪಾಯಿದೂ ಅಲ್ಲದ ಹಿಡಿ, ಅದಕ್ಕೆ ಮಾಮೂಲಿ ಬ್ಲೇಡ್ ಮಧ್ಯಕ್ಕೆ ಮುರಿದು ಅರ್ಧ ಹಾಕ್ತಾರೆ. ಅಷ್ಟರಲ್ಲೇ ಮದುವೆ ಗಂಡಿನ ಮುಖ ಬೆಣ್ಣೆ ಥರ ಮಾಡಿ ಕಳಿಸ್ತಾರೆ. ನೀವು ಹಿತ್ತಾಳೆ ಜಾಮಕ್ಕು ಅಂತ ಕಿತ್ತಾಡ್ತಿದೀರ, ಮುಖಕ್ಕೆ ಅದು ಯಾವುದೂ ಗೊತ್ತಾಗಲ್ಲ. ಮುಖಕ್ಕೆ ಗೊತ್ತಾಗೋದು ಬ್ಲೇಡು ಎಷ್ಟು ಹೊರಗಿದೆ, ಎಷ್ಟು ಗಟ್ಟಿಯಾಗಿ ಕೂತಿದೆ, ಯಾವ ಕೋನದಲ್ಲಿ ಬಂತು, ಎಷ್ಟು ಒತ್ತಿದ್ರಿ, ಇಷ್ಟೇ.

ಮೊಮ್ಮಗ ಅವರೇ ನಿಮ್ಮ ಕತ್ತಿನ ಗುಳ್ಳೆ ರೇಜರ್ ಬದಲಾಯಿಸಿದ ಮಾತ್ರಕ್ಕೆ ಹೋಗಲ್ಲ. ಮೊದಲು ಎರಡು ದಿನದ ಗಡ್ಡ ಬಿಟ್ಟು ಬೆರಳಲ್ಲಿ ಸವರಿ ನೋಡಿ, ಕತ್ತಲ್ಲಿ ಕೂದಲು ಕೆಳಮುಖ ಇರುತ್ತೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಸುಮಾರು ಜನಕ್ಕೆ ಅಡ್ಡಕ್ಕಿರುತ್ತೆ, ಕೆಲವರಿಗೆ ಗಂಟಲ ಗುಂಡಿ ಹತ್ರ ಸುಳಿನೇ ಇರುತ್ತೆ. ಆ ದಿಕ್ಕಲ್ಲೇ ಮೊದಲ ಸಲ ಎಳೀಬೇಕು. ಕಾರ್ಟ್ರಿಜ್ ಥರ ಒತ್ತಬಾರದು, ರೇಜರಿನ ಭಾರವೇ ಸಾಕು. ಸ್ನಾನ ಆದ್ಮೇಲೆ ಮಾಡಿ, ಮುಂಚೆ ಅಲ್ಲ. ಬೋರ್‌ವೆಲ್ ನೀರಾದ್ರೆ ನೊರೆ ಕಟ್ಟೋಕೆ ಮಾತ್ರ ಕುಡಿಯೋ ನೀರು ತಗೊಳ್ಳಿ, ಅರ್ಧ ಲೋಟ ಸಾಕು.

ಧಾರವಾಡ_ಪೇಡೆ
ಕತ್ತರಿ ಅವ್ರು ಹೇಳಿದ್ದು ಖರೇನ. ಬ್ಲೇಡಿಂದೂ ಹೇಳ್ರಿ, ರೇಜರಿಗಿಂತ ಅದರದ್ದs ಫರಕ್ ಜಾಸ್ತಿ. ಸೆವೆನ್ ಒ ಕ್ಲಾಕ್, ಟೋಪಾಜ್, ವಿಲ್ಕಿನ್ಸನ್ ಎಲ್ಲಾ ಕಿರಾಣಿ ಅಂಗಡ್ಯಾಗs ಸಿಗ್ತಾವು, ಒಂದೊಂದು ಪಾಕೀಟ್ ತಂದು ಒಂದs ರೇಜರ್‌ದಾಗ ಹಾಕಿ ನೋಡ್ರಿ. ಜಪಾನಿನ ಫೆದರ್ ಭಾಳ ಹರಿತ, ಮೊದ್ಲೇ ಸಲಕ್ಕ ಬ್ಯಾಡ, ನಾ ಹಾಕ್ಕೊಂಡು ಕರ್ಚೀಫ್ ಹಚ್ಚಿ ಕೂತಿದ್ನಿ. ನಾಕೈದು ಶೇವಿಗೆ ಬದಲ್ ಮಾಡ್ರಿ, ಬ್ಲೇಡ್ ಒರಸಬ್ಯಾಡ್ರಿ, ಅಂಚಿನ ಮ್ಯಾಲಿನ ಲೇಪ ಹೋಗ್ತದ.

ನಂದೊಂದ್ ಪ್ರಶ್ನೆ. ಮುಂಬೈ ಚೋರ್ ಬಜಾರಿನ್ಯಾಗ ಒಬ್ಬಾವ ಜಿಲೆಟ್ ಅಡ್ಜಸ್ಟೇಬಲ್ (ಬ್ಲೇಡಿನ ಸಂದು ಹೆಚ್ಚು ಕಡಿಮಿ ಮಾಡೋದು) ತೋರ್ಸಿದಾ, ಒಂಬತ್ತು ನಂಬರ್ ಅದಾವ, ಗಿಡ್ಡ ದಪ್ಪ ಹಿಡಿಕಿ, ಹತ್ತು ಸಾವಿರ ಅಂದ. ಫ್ಯಾಟ್ ಬಾಯ್ ಅಂತ. ತಗೋಳದೇನು?

ಹಿತ್ತಾಳೆ_ಹುಚ್ಚ
ಹತ್ತು ಸಾವಿರ ಬಾಯಿಗೆ ಬಂದ ರೇಟು. ಅದರ ನಿಜವಾದ ಹೆಸರು 195, ಯಾಕಂದ್ರೆ ಆಗ ಅದರ ಬೆಲೆ ಒಂದು ಡಾಲರ್ ತೊಂಬತ್ತೈದು ಸೆಂಟ್ 🙂 ತಲೆ ಅಡಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಒಂದು ಅಂಕಿ ಇರುತ್ತೆ ನೋಡಿ. ಡಿ ಅಂದ್ರೆ 1958, ಇ 1959, ಎಫ್ 1960, ಜಿ 1961, ಅಂಕಿ ಅಂದ್ರೆ ಆ ವರ್ಷದ ಎಷ್ಟನೇ ಮೂರು ತಿಂಗಳು ಅಂತ. ಎಫ್ 4 ಅಂದ್ರೆ 1960ರ ಕೊನೇ ಮೂರು ತಿಂಗಳು. ಫ್ಯಾಟ್ ಬಾಯ್ ಅಂತ ಹೇಳಿ ಎಲ್ ಅಂತ ಅಕ್ಷರ ಇದ್ರೆ ಅದು 1966, ಅಂದ್ರೆ ಸ್ಲಿಮ್ ಅನ್ನೋ ತೆಳು ಹಿಡಿಯದು, ಅದು ಇದಕ್ಕಿಂತ ಅಗ್ಗ. (ಅಮೆರಿಕದ್ದಕ್ಕೆ ಈ ಲೆಕ್ಕ. ಮೊಮ್ಮಗ ಅವರ ಇಂಗ್ಲೆಂಡ್ ರೇಜರಲ್ಲಿ ಇದನ್ನ ಹುಡುಕಿ ತಲೆ ಕೆಡಿಸ್ಕೋಬೇಡಿ.)

ಕೈಗೆ ತಗೊಂಡಾಗ 1ರಿಂದ 9ವರೆಗೂ ತಿರುಗಿಸಿ, ತಿರುಗಿಸೋ ಮುಂಚೆ ಬಾಗಿಲು ಸ್ವಲ್ಪ ಸಡಿಲ ಮಾಡ್ಕೊಳ್ಳಿ. ಒಂಬತ್ತಕ್ಕೆ ಹೋದಾಗ ಸಂದು ದೊಡ್ಡದಾಗಬೇಕು, ಒಂದಕ್ಕೆ ಬಂದಾಗ ಮುಚ್ಕೋಬೇಕು. ಜೇಬಲ್ಲಿ ಒಂದು ಬ್ಲೇಡ್ ಇಟ್ಕೊಂಡು ಹೋಗಿ, ಹಾಕಿ, ಬೆಳಕಿಗೆ ಹಿಡಿದು ಎರಡೂ ಕಡೆ ಅಂಚು ಒಂದೇ ಸಮ ಕಾಣುತ್ತಾ ನೋಡಿ. ಒಂದು ಕಡೆ ಜಾಸ್ತಿ ಆಚೆ ಇದ್ರೆ ಆ ಕಡೆ ಕಚ್ಚುತ್ತೆ, ಈ ಕಡೆ ಕೆರೆಯುತ್ತೆ. ಬ್ಲೇಡ್ ಹಾಕೋಕೆ ಬಿಡಲ್ಲ ಅಂದ್ರೆ ಅಲ್ಲಿಂದ ಬಂದ್ಬಿಡಿ. ಬೆಂಗಳೂರಲ್ಲಿ ಬಿವಿಕೆ ಅಯ್ಯಂಗಾರ್ ರಸ್ತೆ ಸಂಡೇ ಬಜಾರಲ್ಲೂ ಅಷ್ಟೇ, ಬೆಳಿಗ್ಗೆ ಬೇಗ ಹೋಗ್ಬೇಕು.

ರೈನ್_ತೀರದ_ಕನ್ನಡಿಗ
ಹತ್ತು ಸಾವಿರ ಕೊಡೋ ಹಾಗಿದ್ರೆ ಹೊಸದರಲ್ಲೇ ಸ್ಟೀಲ್ ಬರುತ್ತಲ್ಲ ಸ್ವಾಮಿ. ಕೆನಡಾದ ರಾಕ್‌ವೆಲ್ 6ಎಸ್ ಪೂರ್ತಿ ಸ್ಟೇನ್‌ಲೆಸ್, ಮೂರು ತಟ್ಟೆ ಕೊಡ್ತಾರೆ, ಮಗುಚಿ ಹಾಕಿದ್ರೆ ಆರು ಥರ, 1ನೇದ್ರಲ್ಲಿ ಬ್ಲೇಡಿಗೂ ತಟ್ಟೆಗೂ ನಡುವಿನ ಸಂದು 0.20 ಮಿಲಿಮೀಟರ್, 6ನೇದ್ರಲ್ಲಿ 0.79. ಸ್ಪ್ರಿಂಗ್ ಇಲ್ಲ, ಜಾಮ್ ಆಗೋ ಮಾತೇ ಇಲ್ಲ. ಹುಷಾರು, 6ಸಿ ಅಂತಿರೋದು ಅದೇ ಆಕಾರ ಆದ್ರೆ ಜಾಮಕ್ಕು, ಅದಕ್ಕೇ ಅಗ್ಗ. ಗಟ್ಟಿ ಬೇಕು ಅನ್ನೋರಿಗೆ ನನ್ನ ಪ್ರಕಾರ ಹೊಸ ಸ್ಟೀಲ್ ರೇಜರ್ ಹಿತ್ತಾಳೆಗಿಂತ ಮೇಲು, ಕುಡ್ಲದವರಿಗಂತೂ ಅದೇ ಸರಿ. ಹಳೇದು ಬೇಕು ಅನ್ನೋರಿಗೆ ಬೇಕಿರೋದು ಗಟ್ಟಿತನ ಅಲ್ಲ ಬಿಡಿ, ಅದು ಬೇರೆ ಏನೋ.

ಹಿತ್ತಾಳೆ_ಹುಚ್ಚ
ಬೇರೆ ಏನೋ ಅಂತಾನೇ ಇಟ್ಕೊಳ್ಳಿ. 1904ರಲ್ಲಿ ಪೇಟೆಂಟ್ ಕೊಟ್ಟ ರೇಜರಿಗೆ ಇವತ್ತು ಬೆಳಿಗ್ಗೆ ಮೂಲೆ ಅಂಗಡೀಲಿ ತಂದ ಬ್ಲೇಡ್ ಸರಿಯಾಗಿ ಕೂರುತ್ತೆ, ನನ್ನ ಐದು ವರ್ಷದ ಹಳೇ ಫೋನಿಗೆ ಬ್ಯಾಟರಿ ಸಿಗಲ್ಲ. ಅದರ ಖುಷಿ ನಂದು.

ಕುಡ್ಲದ_ಮಳೆ
ಎರಡೂ ಜನ ಜಗಳ ಆಡುವುದರ ನಡುವೆ ನಾನು ಸ್ಟೀಲಿನದ್ದು ಆರ್ಡರ್ ಮಾಡಿ ಆಯ್ತು. ಮನೆಯವಳಿಗೆ ಬೆಲೆ ಅರ್ಧವೇ ಹೇಳಿದ್ದು, ಇಲ್ಲಿ ಯಾರೂ ಪೂರ್ತಿ ಬರೆಯಬೇಡಿ.

ಮೂರು_ಬ್ಲೇಡ್_ಸಾಕು
ವಿಮಾನದಲ್ಲಿ ತಗೊಂಡು ಹೋಗೋಕೆ ಬಿಡಲ್ಲ ನಿಮ್ಮ ಬ್ಲೇಡು, ನಾನು ಆರಾಮಾಗಿ ಹೋಗ್ತೀನಿ 😎

ಕತ್ತರಿ_ಕನ್ನಡಿ
ಹ್ಯಾಂಡ್ ಬ್ಯಾಗಲ್ಲಿ ಬ್ಲೇಡ್ ಬಿಡಲ್ಲ ನಿಜ, ಚೆಕ್ ಇನ್ ಲಗೇಜಲ್ಲಿ ಹಾಕ್ಬೋದು, ಇಲ್ಲ ಬರೀ ರೇಜರ್ ತಗೊಂಡು ಹೋಗಿ ಇಳಿದ ಊರಲ್ಲಿ ಬ್ಲೇಡ್ ತಗೊಳ್ಳಿ.

ಅದಿರ್ಲಿ, ಹಳೇ ಬ್ಲೇಡ್ ಎಲ್ಲಿ ಹಾಕ್ತೀರ ಎಲ್ರೂ? ಕಸದ ಡಬ್ಬಿಗೆ ಹಾಗೇ ಹಾಕ್ಬೇಡಿ ದಯವಿಟ್ಟು. ನಮ್ಮಲ್ಲಿ ಕಸ ಕೈಯಲ್ಲೇ ಬೇರೆ ಮಾಡೋದು. ಅಪ್ಪ ಒಂದು ಹಾಲಿನ ಪುಡಿ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕ್ತಾ ಬರ್ತಾರೆ, ತುಂಬಿದ ಮೇಲೆ ಟೇಪ್ ಸುತ್ತಿ ಬ್ಲೇಡ್ ಅಂತ ದೊಡ್ಡದಾಗಿ ಬರೆದು ಗುಜರಿಯವನ ಕೈಗೇ ಕೊಡ್ತಾರೆ. ಮನೇಲಿ ಒಬ್ಬರ ಬ್ಲೇಡಿಗೆ ಒಂದು ಡಬ್ಬ ವರ್ಷಗಟ್ಟಲೆ ಬರುತ್ತೆ.

ಕೆಜಿಎಫ್_ಮೊಮ್ಮಗ
ಅಪ್‌ಡೇಟ್. ನಾಲ್ಕು ದಿನ ನೆನೆಹಾಕಿದೆ, ನೀರು ಮೊದಲು ಹಾಲಿನ ಥರ ಆಯ್ತು, ಆಮೇಲೆ ಕೆಂಪಗೆ, ನಂಗೆ ಭಯ ಆಯ್ತು ಏನಪ್ಪಾ ತುಕ್ಕು ಹಿತ್ತಾಳೇಲಿ ಹೆಂಗೆ ಅಂತ. ನಿನ್ನೆ ರಾತ್ರಿ ತಿರುಗಣೆ ಸ್ವಲ್ಪ ಕೊಟ್ಟಿತು, ಹಿಂದೆ ಮುಂದೆ ಹಿಂದೆ ಮುಂದೆ ಮಾಡಿ ಮಾಡಿ ಕೊನೆಗೆ ಬಾಗಿಲು ತೆಕ್ಕೊಂತು. ಒಳಗೆ ಬ್ಲೇಡ್ ಇತ್ತು.

ತಾತ ಹೋಗಿದ್ದು 1991ರಲ್ಲಿ. ಕೊನೇ ಎರಡು ತಿಂಗಳು ಆಸ್ಪತ್ರೇಲಿದ್ರು, ಅಲ್ಲಿ ಯಾರೋ ಬಂದು ಮಾಡ್ತಿದ್ರಂತೆ. ಅಂದ್ರೆ ಈ ಬ್ಲೇಡು ಆಸ್ಪತ್ರೆಗೆ ಹೋಗೋ ಮುಂಚೆ ಮನೇಲಿ ಹಾಕ್ಕೊಂಡಿದ್ದು. ಅರ್ಧ ತುಕ್ಕು ತಿಂದುಬಿಟ್ಟಿದೆ, ಹೆಸರು ಓದೋಕಾಗ್ತಿಲ್ಲ. ಅಮ್ಮನಿಗೆ ತೋರಿಸ್ದೆ, ಏನೂ ಮಾತಾಡ್ಲಿಲ್ಲ, ಆಮೇಲೆ ಅವರೇ ಒಂದು ಹಳೇ ವಿಭೂತಿ ಡಬ್ಬಿ ತಂದುಕೊಟ್ರು ಬ್ಲೇಡ್ ಇಡೋಕೆ.

ರೇಜರ್ ವಿಷಯಕ್ಕೆ ಬಂದ್ರೆ, ಹುಚ್ಚ ಅವರು ಹೇಳ್ದಂಗೆ ಹೊಸ ಬ್ಲೇಡ್ ಹಾಕಿ ಬೆಳಕಿಗೆ ಹಿಡ್ದೆ. ಒಂದು ಬಾಗಿಲು ಪೂರ್ತಿ ಕೂರ್ತಿಲ್ಲ, ಆ ಕಡೆ ಅಂಚು ಜಾಸ್ತಿ ಆಚೆ ಇದೆ. ಬಗ್ಗಿಸಿ ಸರಿಮಾಡ್ಬೋದಾ?

ಹಿತ್ತಾಳೆ_ಹುಚ್ಚ
ಮುಟ್ಬೇಡಿ. ಬಾಗಿಲು ಬಗ್ಗಿಸೋಕೆ ಹೋದ್ರೆ ಕೀಲು ಕಿತ್ತುಬರುತ್ತೆ. ಕೀಲಿನ ಸಂದಿನಲ್ಲಿ ಇನ್ನೂ ತುಕ್ಕು ಉಳಿದಿರ್ಬೋದು, ಹಲ್ಲು ಕಡ್ಡೀಲಿ ಬಿಡಿಸಿ ಮತ್ತೆರಡು ದಿನ ನೆನೆಸಿ. ಆದ್ರೂ ಕೂರ್ಲಿಲ್ಲ ಅಂದ್ರೆ ಯಾವಾಗ್ಲೋ ಕೆಳಗೆ ಬಿದ್ದಿದೆ ಅಂತ ಅರ್ಥ. ಕಷ್ಟ ಆಗುತ್ತೆ ಹೇಳೋಕೆ, ಆದ್ರೆ ಹಾಗಾದ್ರೆ ಅದರಲ್ಲಿ ಕಲಿಯೋಕೆ ಹೋಗ್ಬೇಡಿ, ಹೊಸದೇ ತಗೊಳ್ಳಿ.

ರೈನ್_ತೀರದ_ಕನ್ನಡಿಗ
ಈ ಮಾತು ಅವರ ಬಾಯಲ್ಲಿ! ಸ್ಕ್ರೀನ್‌ಶಾಟ್ ತಗೊಂಡೆ.

ಕತ್ತರಿ_ಕನ್ನಡಿ
ಹೊಸದು ತಗೊಂಡ್ರೆ ಮೆತ್ತನೇದು ತಗೊಳ್ಳಿ, ಮುಚ್ಚಿದ ಬಾಚಣಿಗೆಯದು (ಬ್ಲೇಡಿನ ಕೆಳಗೆ ಹಲ್ಲಿನ ಬದಲು ನೇರ ಪಟ್ಟಿ ಇರೋದು), ಮ್ಯೂಲೆ ಆರ್89 ಅಥವಾ ಎಡ್ವಿನ್ ಜಾಗರ್ ಡಿಇ89, ಎರಡರ ತಲೆನೂ ಒಂದೇ, ಯಾವುದು ಕಡಿಮೆಗೆ ಸಿಕ್ಕುತ್ತೋ ಅದು. ನಮ್ಮ ದೇಶದಲ್ಲೇ ಮಾಡೋ ಪಾರ್ಕರ್ ಕೂಡ ಇದೆ, ಅದರಲ್ಲಿ ತಾತಂದರ ಥರ ಬಾಗಿಲು ತೆಕ್ಕೊಳ್ಳೋದೂ ಬರುತ್ತೆ. ಮೊದಲ ವಾರ ಕೆನ್ನೆ ಮಾತ್ರ ಇದರಲ್ಲಿ ಮಾಡಿ, ಕತ್ತು ಗಲ್ಲ ನಿಮ್ಮ ಹಳೇ ಕಾರ್ಟ್ರಿಜಲ್ಲೇ ಇರ್ಲಿ. ಕೈ ಕೂತ ಮೇಲೆ ಕೆಳಗಿಳೀರಿ. ಆಮೇಲೆ ಪಟಿಕದ ಕಲ್ಲು ಒದ್ದೆ ಮಾಡಿ ಸವರಿ, ಎಲ್ಲಿ ಉರಿಯುತ್ತೋ ಅಲ್ಲಿ ಜಾಸ್ತಿ ಒತ್ತಿದೀರ ಅಂತ.

ಕೆಜಿಎಫ್_ಮೊಮ್ಮಗ
ಮತ್ತೆರಡು ದಿನ ನೆನೆಸಿದೆ, ಹಲ್ಲು ಕಡ್ಡೀಲಿ ಒಂದು ಚಿಟಿಕೆ ಕಪ್ಪು ಮಣ್ಣು ಬಂತು, ಬಾಗಿಲು ಈಗ ಮುಂಚೆಗಿಂತ ಪರವಾಗಿಲ್ಲ ಆದ್ರೆ ಇನ್ನೂ ಒಂದು ಕೂದಲೆಳೆ ಎತ್ತರ. ಪಾರ್ಕರ್ ಆರ್ಡರ್ ಮಾಡಿದೀನಿ, ಬಾಗಿಲಿಂದೇ. ಈ ಭಾನುವಾರ ಮಾತ್ರ ತಾತಂದರಲ್ಲಿ ಸರಿಯಾಗಿ ಕೂತಿರೋ ಕಡೆಯಿಂದ ಬಲಗೆನ್ನೆ ಒಂದು ಮಾಡ್ಕೊಂಡೆ, ಅಪ್ಪ ಬಾಗಿಲಲ್ಲಿ ನಿಂತು ನೋಡ್ತಿದ್ರು, ತಾತ ಎಡಗೆನ್ನೆಯಿಂದ ಶುರುಮಾಡ್ತಿದ್ರು ಅಂದ್ರು.

ಪಟಿಕದ ಕಲ್ಲು ಎಲ್ಲಿ ಸಿಗುತ್ತೆ? ಆನ್‌ಲೈನಲ್ಲಿ ಇನ್ನೂರೈವತ್ತು ತೋರಿಸ್ತಿದೆ.

ಧಾರವಾಡ_ಪೇಡೆ
ಇನ್ನೂರೈವತ್ತs? ಗ್ರಂಥಿಗಿ ಅಂಗಡಿಗೆ ಹೋಗ್ರಿ, ಇಪ್ಪತ್ ರೂಪಾಯಿಗೆ ಮುಷ್ಟಿ ಗಾತ್ರದ್ದು ಕೊಡ್ತಾರ. ಮೂಲಿ ಚೂಪ್ ಇದ್ರ ಫರಸೀಗೆ ತಿಕ್ಕಿ ನುಣ್ಣಗ ಮಾಡ್ಕೋರಿ ಅಷ್ಟ.